ಇವರು ಪಿಸ್ತೂಲು ಆರಿಸಿದ ಶುಕ್ರವಾರಗಳು

ಸಾವಿನ ಮನೆಗೆ ನಗು ಬರಬಾರದು ಎಂದು ಯಾರು ನಿಯಮ ಮಾಡಿದರೋ ಗೊತ್ತಿಲ್ಲ; ನಗುವಿಗಂತೂ ಆ ನಿಯಮ ತಲುಪಿಲ್ಲ. ಇವರು ತೀರಿಕೊಂಡ ಮೇಲೆ ಇದು ಎರಡನೆಯ ಬೇಸಿಗೆ. ಈಗಲೂ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತಾಗ ಯಾವುದಾದರೊಂದು ಪ್ರಸಂಗ ನೆನಪಾಗಿ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ.

ನಾನು ಅಬುಧಾಬಿಯ ಒಂದು ಭಾರತೀಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಇವರು, ಅಂದರೆ ನನ್ನ ಯಜಮಾನರು, ಮದೀನತ್ ಜಾಯೆದ್ ಕಡೆಯ ಗ್ಯಾಸ್ ಸ್ಥಾವರವೊಂದರಲ್ಲಿ ಎಂಜಿನಿಯರ್ ಆಗಿದ್ದರು. ವಾರವೆಲ್ಲ ಅಲ್ಲಿಯ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ನಮ್ಮಿಬ್ಬರ ಪಾಲಿಗೆ ಇದ್ದದ್ದು ಶುಕ್ರವಾರ ಒಂದೇ. ಆ ಒಂದು ದಿನವನ್ನೂ ನಾನು ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕಳೆಯುತ್ತಿದ್ದೆ.

ಹೀಗಿರುವಾಗ ಒಂದು ದಿನ ಇವರು ಊರ ಹೊರಗಿನ ಶೂಟಿಂಗ್ ಕ್ಲಬ್ಬಿಗೆ ಸದಸ್ಯರಾಗಿ ಬಂದರು. ನಿವೃತ್ತಿಯ ನಂತರ ಇರುವುದಕ್ಕೆ ಬಾಗಲಕೋಟೆಯ ಹೊರಗೆ ನಾವೊಂದು ಮನೆ ಕಟ್ಟಿಸುತ್ತಿದ್ದೆವು. ಸುತ್ತ ಇನ್ನೂ ಮನೆಗಳಿರಲಿಲ್ಲ. ಲೈಸೆನ್ಸ್ ಪಡೆದು ಒಂದು ಪಿಸ್ತೂಲು ಇಟ್ಟುಕೊಂಡರೆ ಗುರಿ ಹೊಡೆಯುವ ಹವ್ಯಾಸಕ್ಕೂ ಆಯಿತು, ರಕ್ಷಣೆಗೂ ಆಯಿತು ಎಂಬುದು ಇವರ ಲೆಕ್ಕ. ಇಲ್ಲಿ ನಮ್ಮಂಥವರು ಕೊಳ್ಳುವ ಮಾತಿಲ್ಲ. ಆದರೆ ಕ್ಲಬ್ಬಿನವನ್ನು ಬಾಡಿಗೆಗೆ ಹಿಡಿದು, ಕೈಗೆ ಯಾವುದು ಹೊಂದುತ್ತದೆಂದು ಇಲ್ಲಿಯೇ ತಿಳಿದುಕೊಂಡು ಹೋಗಬಹುದು.

"ನೀನೂ ಬಾ ಅಕ್ಕೋರ, ಆರಿಸಾಕ" ಎಂದರು. ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವುದು ಹಾಗೆ. ಇವರು ಹೆಂಡತಿಯನ್ನೂ ಹಾಗೇ ಕರೆಯುತ್ತಿದ್ದರು.

ಕಾರಿನಲ್ಲಿ ಓದಿದರೆ ನನಗೆ ತಲೆ ಸುತ್ತುತ್ತದೆ. ಪತ್ರಿಕೆಗಳನ್ನು ಮನೆಯಲ್ಲೇ ಬಿಟ್ಟು ಹೋದೆ. ಕೊನೆಗೆ ಆರಿಸುವ ಭಾರ ನನ್ನ ಮೇಲೆಯೇ ಬಂತು, ಮತ್ತು ನನ್ನ ಉತ್ತರ ಕೇಳುವುದಕ್ಕೆ ಇವರು ಉಳಿಯಲಿಲ್ಲ.

ಬದನೆಕಾಯಿಯ ಪರೀಕ್ಷೆ

ಇವರು ಆರಿಸುವ ಬಗೆಯನ್ನು ತಿಳಿಯಬೇಕಾದರೆ ಅಲ್ ಮೀನಾದ ತರಕಾರಿ ಮಾರುಕಟ್ಟೆಯಲ್ಲಿ ನೋಡಬೇಕಾಗಿತ್ತು. ಎಣ್ಣೆಗಾಯಿಗೆ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಒತ್ತಿ, ತೂಗಿ, ತೊಟ್ಟು ತಿರುಗಿಸಿ, ಕೊನೆಗೆ ಮೂಸಿ ನೋಡುತ್ತಿದ್ದರು. ಅಂಗಡಿಯವನು ಒಮ್ಮೆ, "ಯಲ್ಲಾ ಸಾಬ್, ಬೇಗ ಹೇಳಿ, ತಿನ್ನುತ್ತೀರೋ, ಮದುವೆ ಆಗುತ್ತೀರೋ?" ಎಂದು ಕೇಳಿಯೇಬಿಟ್ಟಿದ್ದ.

ಕ್ಲಬ್ಬಿನಲ್ಲಿ ಗುರಿ ಕಲಿಸುವವರು ರಾವಲ್ಪಿಂಡಿ ಕಡೆಯ ನಿವೃತ್ತ ಸೈನಿಕರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರ ಉರ್ದುವನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೊದಲ ದಿನ ಅವರು ಗುಂಡು ತೆಗೆದ ಕೆಲವು ಸೆಮಿ ಆಟೋಮ್ಯಾಟಿಕ್ ಪಿಸ್ತೂಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ಇದೇ ಎಳೆದುಕೊಳ್ಳುತ್ತದೆ. ಅದಕ್ಕೇ ಹೊಸಬರು ಇದರ ಮುಂದೆ ಹೆಚ್ಚು ಎಚ್ಚರವಾಗಿರಬೇಕು. ಹಿಡಿಕೆ ಅಂಗೈ ತುಂಬಬೇಕು, ಬೆರಳು ಸಲೀಸಾಗಿ ಮುಟ್ಟಬೇಕು, ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಲು ನಿಮ್ಮ ಕೈಯಲ್ಲಿ ಶಕ್ತಿ ಇರಬೇಕು. ಪಿಸ್ತೂಲು ಚಪ್ಪಲಿಯ ಹಾಗೆ. ಇನ್ನೊಬ್ಬರನ್ನು ಕೇಳಿ ಆರಿಸುವುದಲ್ಲ."

ಇವರು ಒಂದೊಂದನ್ನೂ ಎತ್ತಿದರು, ತೂಗಿದರು, ತಿರುಗಿಸಿದರು. ಆಮೇಲೆ, ನಾನು ಹೆದರಿದ ಹಾಗೆಯೇ, ಮೂಸಿದರು.

ಉಸ್ತಾದ್ ಅವನ್ನೆಲ್ಲ ಮತ್ತೆ ಸಾಲಾಗಿ ಜೋಡಿಸಿದರು. ಕೊನೆಗೆ ಹೇಳಿದರು: "ಜನಾಬ್, ನನ್ನ ಬಂದೂಕನ್ನು ಸರ್ಕಾರ ಆರಿಸಿತು. ನನ್ನ ಹೆಂಡತಿಯನ್ನು ನನ್ನ ತಾಯಿ ಆರಿಸಿದಳು. ಎರಡನ್ನೂ ನಾನು ಮೂಸಿ ನೋಡಲಿಲ್ಲ."

ಇವರು ನನ್ನ ಕಡೆ ತಿರುಗಿ, "ಪಾಪ, ಆರಿಸೂ ಸುಖಾನ ಗೊತ್ತಿಲ್ಲ ಇವರಿಗೆ" ಎಂದರು. ಆಮೇಲೆ ಉಸ್ತಾದರಿಗೆ, "ಮುಂದಿನ ಶುಕ್ರವಾರ ಹೇಳ್ತೀನಿ."

ಶತ್ರು ಯಾರು

ಮುಂದಿನ ಶುಕ್ರವಾರ ಉಸ್ತಾದ್ ಮೂಲಪ್ರಶ್ನೆಗೇ ಕೈಹಾಕಿದರು.

"ಆತ್ಮರಕ್ಷಣೆ ಎನ್ನುತ್ತೀರಿ. ನಿಮ್ಮ ಶತ್ರು ಯಾರು?"

ಇವರು ಯೋಚಿಸಿದರು. ಯಾರೂ ಸಿಗಲಿಲ್ಲ. ತುಸು ನಾಚಿಕೆಯಿಂದಲೇ, "ಪಕ್ಕದ ಹೊಲದಾಗಿನ ಪಂಪ್‌ಸೆಟ್ ಯಾರೋ ಕದ್ದಾರ" ಎಂದರು.

"ಮನೆಯಲ್ಲಿ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಬೇಕು. ಗುಂಡು ಬೇರೆ ಕಡೆ, ಅದಕ್ಕೂ ಬೀಗ. ಕೀಲಿ ಯಾರ ಹತ್ತಿರ?"

"ಈಕಿ ಹತ್ತಿರ."

ಉಸ್ತಾದ್ ನನ್ನನ್ನು ನೋಡಿದರು. ನಾನು ಸುಳ್ಳು ಹೇಳಲಿಲ್ಲ. ಕೀಲಿಯನ್ನು ಭದ್ರವಾಗಿ ಇಡುತ್ತೇನೆ, ಆದರೆ ಎಲ್ಲಿಟ್ಟೆನೆಂಬುದು ಮರುದಿನ ನೆನಪಿರುವುದಿಲ್ಲ ಎಂದೆ.

"ಹಾಗಾದರೆ ಕಳ್ಳ ಬಂದಾಗ ಅವನನ್ನು ಕೂರಿಸಿ ಚಹಾ ಕೊಡಿ ಭಾಭೀಜಿ. ಕೀಲಿ ಸಿಗುವ ತನಕ ಬೇಸರವಾಗಬಾರದು. ಇಷ್ಟೆಲ್ಲ ಯಾಕೆ? ಒಂದು ನಾಯಿ ಸಾಕಿ."

ಅದು ತಪ್ಪು ಸಲಹೆಯಾಯಿತು. ಅಬುಧಾಬಿ ಮುಟ್ಟುವವರೆಗೂ ದಾರಿಯುದ್ದಕ್ಕೂ ಇವರದು ಒಂದೇ ಚಿಂತೆ: "ಮುಧೋಳ ನಾಯಿನ ಛಲೋ. ಆದರ ಕರೀದು ತಗೊಳ್ಳೂಣೋ, ಬಿಳೀದು ತಗೊಳ್ಳೂಣೋ?"

ವೃತ್ತದ ಒಳಗೆ, ವೃತ್ತದ ಹೊರಗೆ

ಆರನೆಯ ತರಗತಿಗೆ ವೃತ್ತದ ಪಾಠ. ನಾನು ಬರೆದಿಟ್ಟಿದ್ದ ಚಾರ್ಟೂ ಇವರು ಗುಂಡು ಹಾರಿಸಿದ ಗುರಿಯ ಕಾಗದವೂ ಕಾರಿನ ಹಿಂದಿನ ಸೀಟಿನಲ್ಲಿ ಸುರುಳಿಯಾಗಿ ಅಕ್ಕಪಕ್ಕ ಮಲಗಿದ್ದವು. ಗಡಿಬಿಡಿಯಲ್ಲಿ ನಾನು ತೆಗೆದುಕೊಂಡದ್ದು ಗುರಿಯ ಕಾಗದವನ್ನು.

ತರಗತಿಯಲ್ಲಿ ಬಿಚ್ಚಿದಾಗ ತಿಳಿಯಿತು. ಬೇರೆ ದಾರಿಯಿರಲಿಲ್ಲ. ಹೇಗೂ ಒಂದರೊಳಗೊಂದು ವೃತ್ತಗಳಿವೆ, ಅಲ್ಲಲ್ಲಿ ಬಿಂದುಗಳಂತೆ ತೂತುಗಳೂ ಇವೆ. ಹಲಗೆಗೆ ಅಂಟಿಸಿ, ವೃತ್ತದ ಒಳಗಿನ ಬಿಂದುಗಳು ಯಾವುವು, ಹೊರಗಿನವು ಯಾವುವು ಹೇಳಿ ಎಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಬಹಳ ಹೊತ್ತು ನೋಡಿದಳು. "ಮಿಸ್, ಇಂಟೀರಿಯರ್ ಪಾಯಿಂಟ್ಸ್, ನನ್. ಆಲ್ ಆರ್ ಎಕ್ಸ್‌ಟೀರಿಯರ್."

"ಹೂ ಮಾರ್ಕ್ಡ್ ದೀಸ್, ಮಿಸ್?" ಎಂದಿತು ಹಿಂದಿನಿಂದ ಒಂದು ದನಿ.

"ಒಬ್ಬ ಎಂಜಿನಿಯರ್" ಎಂದೆ.

ಹುಡುಗಿಗೆ ಕನಿಕರವಾಯಿತು. "ಮಿಸ್, ಪ್ಲೀಸ್ ಗಿವ್ ಹಿಮ್ ಎಕ್ಸ್‌ಟ್ರಾ ಕ್ಲಾಸ್."

ಸಂಜೆ ಫೋನಿನಲ್ಲಿ ಹೇಳಿದಾಗ ಇವರು ನಗುನಗುತ್ತ ಕೆಮ್ಮಿದರು. ಆ ಕಾಗದ ಇಂದಿಗೂ ನನ್ನ ಶಾಲೆಯ ಕಪಾಟಿನಲ್ಲಿದೆ. ಪ್ರತಿ ವರ್ಷ ಅದನ್ನೇ ತೂಗುಹಾಕಿ ಅದೇ ಪ್ರಶ್ನೆ ಕೇಳುತ್ತೇನೆ. ಮಕ್ಕಳು ಬದಲಾಗುತ್ತಾರೆ, ಇವರ ಗುರಿ ಮಾತ್ರ ಇನ್ನೂ ಸುಧಾರಿಸಿಲ್ಲ.

ಪಿಸ್ತೂಲಿನ ರಜೆ

ಆ ವರ್ಷ ಖಂಡೆ ಪೂಜೆ ಶುಕ್ರವಾರ ಬಂತು. ನಮ್ಮ ಕಡೆ ಅಂದು ಆಯುಧ, ಹತಾರಗಳನ್ನು ಒರೆಸಿ ಪೂಜೆಗಿಡುತ್ತಾರೆ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವವರೆಗೆ ಕೆಲಸಕ್ಕೆ ಮುಟ್ಟುವಂತಿಲ್ಲ. ಫ್ಲ್ಯಾಟಿನಲ್ಲಿ ಇವರ ಸ್ಕ್ರೂಡ್ರೈವರು, ನನ್ನ ಕೈವಾರ, ಅಡುಗೆಮನೆಯ ಈಳಿಗೆ ಎಲ್ಲಕ್ಕೂ ಕುಂಕುಮ ಏರಿತು.

"ಪಿಸ್ತೂಲಿಂದು ಬಿಟ್ಟು ಹೋತಲ್ಲ!" ಎಂದರು ಇವರು.

"ಅದು ನಮ್ಮದಲ್ಲರೀ, ಬಾಡಿಗಿದು."

"ಬಾಡಿಗಿ ಮನ್ಯಾಗ ನಾವು ದೇವರ ಪೂಜಿ ಮಾಡೂದಿಲ್ಲೇನು?"

ಕುಂಕುಮದ ಡಬ್ಬಿ ಕ್ಲಬ್ಬಿಗೆ ಹೋಯಿತು. ಉಸ್ತಾದ್ ಅದನ್ನು ಕಂಡದ್ದೇ ಹೌಹಾರಿದರು. "ಪುಡಿಯೇ? ನನ್ನ ಪಿಸ್ತೂಲಿನೊಳಗೆ ಪುಡಿಯೇ?" ಬಹಳ ಚರ್ಚೆಯಾಗಿ, ಹಿಡಿಕೆಯ ಮೇಲೆ ಒಂದೇ ಒಂದು ಬೊಟ್ಟು ಎಂದು ಒಪ್ಪಂದವಾಯಿತು. ಇವರು ಬೊಟ್ಟಿಟ್ಟು ಕೈಮುಗಿದರು. ಪಕ್ಕದಲ್ಲಿ ಉಸ್ತಾದ್ ತಮಗೇ ತಿಳಿಯದಂತೆ ಅಟೆನ್ಷನ್‌ನಲ್ಲಿ ನಿಂತಿದ್ದರು.

"ಇನ್ನ ನಾಳೆ ತನಕ ಇದನ್ನು ಯಾರೂ ಬಳಸುವಂತಿಲ್ಲ" ಎಂದು ಇವರು ಹಿಂದಿಯಲ್ಲಿ ಸಾವಕಾಶವಾಗಿ ತಿಳಿಸಿದರು.

ಉಸ್ತಾದರ ಮುಖ ಬಿಳಚಿಕೊಂಡಿತು. ಅದೇ ಪಿಸ್ತೂಲನ್ನು ಕಾಯ್ದಿರಿಸಿದ್ದ ಇಲ್ಲಿನ ಹಿರಿಯರೊಬ್ಬರು ಬಿಳಿ ನಿಲುವಂಗಿ ಕಂದೂರ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಉಸ್ತಾದ್ ತೊದಲುತ್ತ ಅರಬ್ಬಿಯಲ್ಲಿ ಸಂಗತಿ ವಿವರಿಸಿದರು. ಹಿರಿಯರು ಗಂಭೀರವಾಗಿ ಕೇಳಿದರು, ಬಾಗಿ ಕೆಂಪು ಬೊಟ್ಟನ್ನು ನೋಡಿದರು, ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರ ಮಾತನ್ನು ಆಮೇಲೆ ಉಸ್ತಾದರೇ ನಮಗೆ ತಿಳಿಸಿ ಹೇಳಿದರು:

"ಅಂದರೆ ಪಿಸ್ತೂಲಿಗೂ ಇವತ್ತು ಶುಕ್ರವಾರ. ಖಲಾಸ್, ರಜೆಯಲ್ಲಿರುವವರನ್ನು ಎಬ್ಬಿಸಬೇಡ. ಬೇರೆಯದು ಕೊಡು."

ವಕೀಲ ಅಳಿಯನ ಫೋನು

ಅಂತೂ ಇವರಿಗೆ ಒಂದು ಪಿಸ್ತೂಲು ಒಪ್ಪಿಗೆಯಾಯಿತು. ನೈನ್ ಎಂಎಂ. ಕೈಗೂ ಹೊಂದಿತು, ಗುಂಡೂ ಒಂದೆರಡು ಬಾರಿ ವೃತ್ತದೊಳಗೆ ಹೋಯಿತು. ನನಗೆ ನಿರಾಳವಾಗಿ, "ಆತಲ್ಲ, ಇನ್ನ ಮುಂದಿನ ವಾರದಿಂದ ನಾ ಮನ್ಯಾಗ ಪೇಪರ್ ತಿದ್ತೀನಿ" ಎಂದೆ. ಇವರು ಕಾರಿನ ಕೀಲಿ ತೆಗೆದುಕೊಂಡು ಹೊರಟರು. ಅಂದು ಕಾರಿನಲ್ಲಿಯೂ ಮಾತು ಕಡಿಮೆ.

ಮನೆಗೆ ಬಂದು, ಲೈಸೆನ್ಸಿನ ಬಗ್ಗೆ ವಿಚಾರಿಸಲು ಬಾಗಲಕೋಟೆಯಲ್ಲಿ ವಕೀಲನಾಗಿರುವ ಸೋದರಳಿಯನಿಗೆ ಫೋನು ಮಾಡಿದರು.

"ಮಾಮಾ, ಅದು ಪೊಲೀಸರಿಗೆ, ಮಿಲಿಟರಿಯವರಿಗೆ ಅಷ್ಟ. ನಮ್ಮಂಥವರಿಗೆ ಆ ಬೋರು, ಅಂದರ ಆ ಅಳತೀದು, ಸಿಗಂಗಿಲ್ಲ. ನೀವು ಥರ್ಟಿ ಟೂ ನೋಡ್ರಿ."

"ಅಂದರ, ಮತ್ತ ಮೊದಲಿಂದ ಆರಿಸಬೇಕೇನು?"

"ಹೌದ್ರಿ ಮಾಮಾ."

ಪರೀಕ್ಷೆ ಮುಂದೆ ಹೋಯಿತೆಂದು ಕೇಳಿದ ಹುಡುಗನ ಮುಖ ನನಗೆ ಚೆನ್ನಾಗಿ ಗೊತ್ತು. ಅಂಥ ಮುಖ ಹೊತ್ತುಕೊಂಡು ಇವರು ಫೋನನ್ನು ನನ್ನ ಕೈಗೆ ಕೊಟ್ಟು ಚಹಾಕ್ಕೆ ನೀರಿಡಲು ಹೋದರು. ಅತ್ತಲಿಂದ ಅಳಿಯ ಗಾಬರಿಯಾಗಿದ್ದ: "ಅತ್ತಿ, ನಾ ಸಿಗಂಗಿಲ್ಲ ಅಂತ ಹೇಳೀನಿ. ಮಾಮಾ ಥ್ಯಾಂಕ್ಸ್ ಯಾಕ ಹೇಳಿದ್ರು?"

ಕರಿಯದು, ಬಿಳಿಯದು

ಥರ್ಟಿ ಟೂ ಕ್ಲಬ್ಬಿನಲ್ಲಿ ಎರಡೇ ಇದ್ದವು. ಒಂದು ಕಪ್ಪು, ಇನ್ನೊಂದು ಬೆಳ್ಳಿಯ ಬಣ್ಣದ್ದು. ಚಳಿಗಾಲವೆಲ್ಲ ಅದೇ ಚರ್ಚೆ. "ಕರೀದು ಸ್ವಲ್ಪ ಒದೀತೈತಿ. ಬಿಳೀದರ ಸ್ವಭಾವ ಮೆತ್ತಗ" ಎಂದು ಹೋಗುವಾಗ ಹೇಳಿದರೆ, ಬರುವಾಗ ತೀರ್ಪು ತಿರುಗಿರುತ್ತಿತ್ತು. ನಡುವೆ ತಮ್ಮ ಬಾಲ್ಯ, ಸ್ಥಾವರದ ಜಗಳ, ಕಟ್ಟಿಸುತ್ತಿದ್ದ ಮನೆಯ ಕಿಟಕಿ ಎಲ್ಲ ಬರುತ್ತಿದ್ದವು. ನಾನು ಹೂಂಗುಡುತ್ತಿದ್ದೆ.

ಒಂದು ಭಾನುವಾರ ಕ್ಯಾಂಪಿನಿಂದ ಫೋನು ಮಾಡಿದರು. "ಈ ಶುಕ್ರವಾರ ನೀನು ಗಾಜಿನ ಹೊರಗ ಕೂಡಬ್ಯಾಡ. ಎರಡೂ ಕೈಯಾಗ ಹಿಡಿದು ನೋಡು. ನೀ ಹೇಳಿದ್ದ ಖರೆ."

"ನಾ ಏನು ಹೇಳಲಿ? ಗಾಜಿನಾಚೆಯಿಂದ ನನಗ ಎರಡೂ ಒಂದ ಥರಾ ಕಾಣ್ತಾವ."

ಇವರು ಜೋರಾಗಿ ನಕ್ಕರು. "ಅಕ್ಕೋರ ಕಣ್ಣು ಭಾಳ ಚುರುಕು."

ಮಂಗಳವಾರ ಕೆಲಸದ ಜಾಗದಲ್ಲೇ ಇವರ ಎದೆಬಡಿತ ನಿಂತಿತು. ಶುಕ್ರವಾರ ಇವರನ್ನು ಊರಿಗೆ ಕರೆದುಕೊಂಡು ಹೋದೆ. ಆ ದಾರಿಯಲ್ಲಿ ಮಾತನಾಡುವವರು ಯಾರೂ ಇರಲಿಲ್ಲ.

ತಿರುಗಿ ಬಂದು ಕೆಲಸಕ್ಕೆ ಸೇರಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೇರೆಯವರ ಉತ್ತರಗಳನ್ನು ತಿದ್ದುವವಳು ನಾನು. ನನಗೆ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಶುಕ್ರವಾರ ಬಂದಾಗಲೆಲ್ಲ, ಕರಿಯದೋ ಬಿಳಿಯದೋ ಎಂದು ಯಾರೋ ಕೇಳಿದ ಹಾಗಾಗುತ್ತಿತ್ತು. ಅಷ್ಟರಲ್ಲಿ ಉಸ್ತಾದರ ಫೋನು ಬಂತು. "ಭಾಭೀಜಿ, ಸಾಹೇಬರು ಗುಂಡಿನ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುತ್ತಿದ್ದದ್ದು ಇಲ್ಲೇ ಉಳಿದಿದೆ."

ಟ್ಯಾಕ್ಸಿ ಹಿಡಿದು ಹೋದೆ. ಉಸ್ತಾದ್ ಚಹಾ ತರಿಸಿದರು. ಇಬ್ಬರೂ ಕುಡಿದು ಮುಗಿಸಿದೆವು. ಕೊನೆಗೆ ನಾನೇ, ಆ ಎರಡು ಪಿಸ್ತೂಲುಗಳನ್ನು ಒಮ್ಮೆ ಹಿಡಿದು ನೋಡಬೇಕು, ಇವರಿಗೆ ಉತ್ತರ ಹೇಳುವುದಿದೆ ಎಂದೆ. ಅವರು ಗುಂಡಿಲ್ಲವೆಂದು ತೆರೆದು ತೋರಿಸಿ, ಎರಡನ್ನೂ ನನ್ನ ಮುಂದೆ ಇಟ್ಟರು.

ಒಂದೊಂದಾಗಿ ಎತ್ತಿದೆ. ತೂಕ ಅಷ್ಟೇ. ಉದ್ದ ಅಷ್ಟೇ. ಹಿಡಿಕೆ, ಗೆರೆ, ತಿರುಪು ಎಲ್ಲ ಅಷ್ಟೇ. ಎರಡು ತ್ರಿಭುಜಗಳು ಸರ್ವಸಮವೆಂದು ಸಾಧಿಸಲು ಇಷ್ಟು ಬೇಕಾಗುವುದಿಲ್ಲ.

"ಉಸ್ತಾದ್, ಇವೆರಡೂ ಒಂದೇ."

"ಒಂದೇ ಭಾಭೀಜಿ. ಒಂದೇ ಕಾರ್ಖಾನೆ, ಒಂದೇ ಅಚ್ಚು. ಬಣ್ಣ ಮಾತ್ರ ಬೇರೆ."

"ಇವರಿಗೆ ನೀವು ಹೇಳಲಿಲ್ಲವೇ?"

"ಇವನ್ನು ಹಿಡಿದ ಮೊದಲ ದಿನವೇ ಹೇಳಿದೆ. ನನ್ನ ಕೈಹಿಡಿದು, ನಿಮಗೆ ಹೇಳಕೂಡದೆಂದು ಆಣೆ ಹಾಕಿಸಿದರು. 'ಆರಿಸುವುದು ಮುಗಿದರೆ ಅವಳು ಶುಕ್ರವಾರ ಮತ್ತೆ ಪೇಪರ್ ಹಿಡಿಯುತ್ತಾಳೆ ಉಸ್ತಾದ್. ಕಾರಿನಲ್ಲಾದರೆ ಅವಳಿಗೆ ಓದಲು ಬರುವುದಿಲ್ಲ, ನನ್ನ ಮಾತು ಕೇಳಲೇಬೇಕು' ಎಂದರು."

ಹೇಳುತ್ತ ಹೇಳುತ್ತ ಉಸ್ತಾದ್ ಕೈಗೆ ಸಿಕ್ಕ ಬಟ್ಟೆಯಿಂದ ಕಣ್ಣೊರೆಸಿಕೊಂಡರು. ಅದು ಪಿಸ್ತೂಲು ಒರೆಸುವ ಎಣ್ಣೆಬಟ್ಟೆ. ಕೆನ್ನೆಯ ಮೇಲೆ ಕರಿಯ ಪಟ್ಟೆ ಮೂಡಿತು, ಬಿಳಿಯ ಗಡ್ಡಕ್ಕೂ ಹತ್ತಿತು. ನನಗೆ ನಗು ತಡೆಯಲಾಗಲಿಲ್ಲ. ನಾನು ಯಾಕೆ ನಗುತ್ತಿದ್ದೇನೆಂದು ತಿಳಿಯದೆ ಅವರೂ ನಕ್ಕರು. ಇಬ್ಬರ ಕಣ್ಣಲ್ಲೂ ನೀರು ನಿಲ್ಲಲಿಲ್ಲ.

"ಈಗ ಹೇಳಿಬಿಡಿ ಭಾಭೀಜಿ" ಎಂದರು ಕೊನೆಗೆ. "ಕರಿಯದೋ, ಬಿಳಿಯದೋ?"

ನಾನು ಕರಿಯದನ್ನು ಎತ್ತಿ ತೂಗಿದೆ. ಬಿಳಿಯದನ್ನು ಎತ್ತಿ ತಿರುಗಿಸಿದೆ. ಆಮೇಲೆ ಎರಡನ್ನೂ ಒಂದೊಂದಾಗಿ ಮೂಸಿ ನೋಡಿ ಮೇಜಿನ ಮೇಲಿಟ್ಟೆ.

"ಮುಂದಿನ ಶುಕ್ರವಾರ ಹೇಳ್ತೀನಿ, ಉಸ್ತಾದ್."