ಎಡಗಡೆಯ ಏಳು ಗಾಡಿಗಳು

ಸಿನಿಮಾ ಮಂದಿರದಲ್ಲಿ ಬಲಗಡೆಯ ಕಟ್ಟಕಡೆಯ ಎರಡು ಸೀಟೇ ಬೇಕೆಂದು ಟೀಚರಮ್ಮ ಪಟ್ಟು ಹಿಡಿದದ್ದಕ್ಕೆ ಒಂದು ಕಾರಣವಿತ್ತು. ಗಂಡನಿಗೆ ಹೇಳಿದ ಕಾರಣ ಬೇರೆ.

"ಬಾತ್‌ರೂಮು ಹತ್ತಿರ," ಎಂದಿದ್ದರು.

"ನಾನು ಕಾರು ಓಡಿಸಿದ ಸಿನಿಮಾನ ನಾನೇ ಬಾತ್‌ರೂಮಿನ ಪಕ್ಕ ಕೂತು ನೋಡಬೇಕೇನೆ?"

"ನೀವು ಓಡಿಸೋದು ನೋಡುವಾಗ ಅದು ಹತ್ತಿರ ಇರೋದೇ ಒಳ್ಳೇದು."

ಗಂಡನೆಂದರೆ ಸಾಮಾನ್ಯರಲ್ಲ. ಮೂವತ್ತೆರಡು ವರ್ಷ ಸಿನಿಮಾ ನಾಯಕರ ಬದಲಿಗೆ ಕಾರು ಓಡಿಸಿದವರು. ನಾಯಕನ ಕೆಲಸ ಸ್ಟೀರಿಂಗ್ ಹಿಡಿದು ಹಲ್ಲು ಕಚ್ಚುವುದು, ಅಷ್ಟೇ. ಮಾರುಕಟ್ಟೆಯ ನಡುವೆ ನುಗ್ಗುವುದು, ಮೆಟ್ಟಿಲಿಳಿಯುವುದು, ಎರಡೇ ಚಕ್ರದ ಮೇಲೆ ಓರೆಯಾಗಿ ಹೋಗುವುದು ಇವರ ಪಾಲು. (ತರಕಾರಿ ತರಲು ಹೊರಟರೆ ಮಾತ್ರ ಸೈಕಲ್ಲಿನವರು ಬೆಲ್ಲು ಬಾರಿಸಿ ಮುಂದೆ ಹೋಗುವಷ್ಟು ನಿಧಾನ.) ಚಿತ್ರರಂಗ ಅವರಿಗೆ 'ಕೂದಲೆಳೆ' ಎಂಬ ಬಿರುದು ದಯಪಾಲಿಸಿತ್ತು. ತಪ್ಪಿಸು ಎಂದದ್ದನ್ನು ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿಸುತ್ತಿದ್ದರು; ಒಂದು ದಿನವೂ ಒಂದಕ್ಕೂ ತಗುಲಿಸಿದವರಲ್ಲ.

ಎರಡು ವರ್ಷದಿಂದ ಎಡಗಣ್ಣು ಮಂಜಾಗುತ್ತ ಬಂದಿತ್ತು. ಹಳೆಯ ಪೆಟ್ಟು ತಿಂದ ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ. ಹೋದ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಹೇಳಿದ್ದು ಗಂಡ ಹೆಂಡತಿಯ ನಡುವೆಯೇ ಉಳಿಯಿತು.

"ಇದೊಂದು ಸಿನಿಮಾ ಕಣೇ. ಮರ್ಯಾದೆಯಿಂದ ಮುಗಿಸಿ ಬಂದುಬಿಡ್ತೀನಿ," ಎಂದು ಅವರು ಬೇಡಿಕೊಂಡಾಗ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಟೀಚರಮ್ಮನ ತಲೆಯಲ್ಲಿ ಒಂದು ಮಹೋನ್ನತ ಉಪಾಯ ಉದಯಿಸಿತು. ಕಣ್ಣು ಮಾಡಲಾರದ ಕೆಲಸವನ್ನು ಲೆಕ್ಕ ಮಾಡಲಿ!

ಶೂಟಿಂಗಿನ ಹಿಂದಿನ ದಿನ ಇಬ್ಬರೂ ಕಾರು ಓಡಿಸಬೇಕಿದ್ದ ಬೀದಿಗೆ ಹೋದರು. ಎಡಗಡೆ, ಒಂದಕ್ಕೂ ತಗುಲಿಸದೆ ದಾಟಬೇಕಾದ ಏಳು ತಳ್ಳುಗಾಡಿ ನಿಲ್ಲಿಸಿದ್ದರು. ಟೀಚರಮ್ಮ ಟೇಪು ಹಿಡಿದು ಅಳೆದರು. ಸಂಜೆ ಊಟದ ಮೇಜಿನ ಮೇಲೆ ಏಳು ಬೆಂಕಿಪೊಟ್ಟಣ ಜೋಡಿಸಿ, ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು.

"ದೀಪದ ಕಂಬ ದಾಟಿದ ಮೇಲೆ?"

"ಎರಡು ಎಣಿಸಿ ಬಲಕ್ಕೆ."

"ಎಷ್ಟು?"

"ಕಾಲು ಸುತ್ತು."

"ಶಹಬ್ಬಾಸ್. ಈಗ ಕಣ್ಣು ಮುಚ್ಚಿಕೊಂಡು ಹೇಳಿ."

"ಮುಚ್ಚಿದರೆ ಏನೇ ವ್ಯತ್ಯಾಸ?" ಎಂದರು ಗಂಡ. ಇಬ್ಬರೂ ನಕ್ಕರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಲೆಕ್ಕ ನಲವತ್ತರ ವೇಗಕ್ಕೆ ಹಾಕಿದ್ದು. 'ಆಕ್ಷನ್' ಎಂಬ ಕೂಗು ಕಿವಿಗೆ ಬಿದ್ದದ್ದೇ ತಡ, ಮೂವತ್ತೆರಡು ವರ್ಷ ಪಳಗಿದ ಕಾಲು ಎಪ್ಪತ್ತಕ್ಕೆ ಒತ್ತಿತು. ಅಷ್ಟೇ. ಏಳಕ್ಕೆ ಏಳು ಗಾಡಿಯೂ ಹಾರಿಹೋದವು. ಕಿತ್ತಳೆ, ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಹೂವು ಎಲ್ಲ ಆಕಾಶದಲ್ಲಿ. ಏಳನೆಯ ಗಾಡಿಯ ಪಕ್ಕ ನಿಂತಿದ್ದ ದಿನಗೂಲಿ ನಟಿ ಚರಂಡಿಗೆ ಹಾರಿ ಬದುಕಿಕೊಂಡಳು.

ನಿರ್ದೇಶಕ ಕುರ್ಚಿಯ ಮೇಲೆ ಹತ್ತಿ ಕುಣಿದ. "ತಪ್ಪಿಸೋದಕ್ಕಿಂತ ಇದೇ ಕಾಮಿಡಿ! ಹೀಗೇ ಇರಲಿ!"

ಊಟದ ಡಬ್ಬಿಯ ನೆಪದಲ್ಲಿ ಬಂದಿದ್ದ ಟೀಚರಮ್ಮ ಬೀದಿಯ ತುದಿಗೆ ಓಡಿದರು. ಕಾರಿನಿಂದಿಳಿದ ಗಂಡನ ಮುಖ ಬಿಳಿಚಿಹೋಗಿತ್ತು.

"ಎಷ್ಟು ತಗುಲಿತು?"

"ಮೂರು," ಎಂದರು ಟೀಚರಮ್ಮ. "ಅದೂ ಯಾರೋ ಜರುಗಿಸಿಟ್ಟಿದ್ದರು." ಹೆಂಗಸಿನ ಸುದ್ದಿ ಎತ್ತಲೇ ಇಲ್ಲ. (ಮಕ್ಕಳಿಗೆ ಅರ್ಧ ಅಂಕವನ್ನೂ ದಾನ ಮಾಡದ ಕೈ ಗಂಡನಿಗೆ ನಾಲ್ಕು ಗಾಡಿ ಬಿಟ್ಟುಕೊಟ್ಟಿತು.)

ಬಲತುದಿಯ ಸೀಟು ಇದಕ್ಕಾಗಿಯೇ. ಅಲ್ಲಿ ಕೂತರೆ ಪರದೆಯೆಲ್ಲ ಗಂಡನ ಎಡಕ್ಕೆ.

ಆ ದೃಶ್ಯ ಬಂತು, ಹೋಯಿತು. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ಮುಗಿದಿದ್ದರೆ ಟೀಚರಮ್ಮ ಗೆದ್ದಂತೆಯೇ. ಆದರೆ ನಿರ್ದೇಶಕ ಮಹಾಶಯ ಅದನ್ನೇ ನಿಧಾನಗತಿಯಲ್ಲಿ ಮತ್ತೊಮ್ಮೆ ತೋರಿಸಿದ್ದ. ಹಿಂದಿನ ಸಾಲಿನವರು ಒಕ್ಕೊರಲಿನಿಂದ ಎಣಿಸತೊಡಗಿದರು. "ನಾಕು! ಐದು!"

ಗಂಡ ಸೀಟಿನಲ್ಲಿ ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿ ಕೂತರು. (ಕುತ್ತಿಗೆ ತಿರುಗದಿದ್ದರೆ ಸೊಂಟ ತಿರುಗೀತು ಎಂಬುದು ಉಪಾಯದೊಳಗೆ ಬಂದಿರಲಿಲ್ಲ.)

"ಏಳು!" ಹೆಂಗಸು ಚರಂಡಿಗೆ ಹಾರಿದಳು. ಎಲ್ಲಕ್ಕಿಂತ ದೊಡ್ಡ ನಗು ಎದ್ದದ್ದು ಆಗ.

"ಅವಳು ನಟಿಸ್ತಾ ಇಲ್ಲ," ಎಂದರು ಗಂಡ.

"ಇಲ್ಲ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು ರೀ."

ಸಿನಿಮಾ ಮುಗಿಯುವವರೆಗೂ ಅವರು ಮೈಯನ್ನು ಎಡಕ್ಕೆ ತಿರುಗಿಸಿಕೊಂಡೇ ಕೂತಿದ್ದರು.

ಹೊರಗೆ ನಿರ್ದೇಶಕ ಜನರನ್ನು ತಳ್ಳಿಕೊಂಡು ಬಂದ. "ಅಣ್ಣಾ! ಮುಂದಿನ ಸಿನಿಮಾದಲ್ಲಿ ಹದಿನೈದು ಗಾಡಿ! ಬೀದಿ ತುಂಬ ಜನ! ಒಂದನ್ನೂ ಬಿಡಬೇಡಿ!"

"ನನಗೆ ಎಡಗಡೆ ಕಾಣಿಸಲ್ಲಪ್ಪಾ," ಎಂದರು ಗಂಡ. "ಆವತ್ತು ಒಂದು ಗಾಡೀನೂ ಕಾಣಿಸಲಿಲ್ಲ. ಆ ಹೆಂಗಸೂ ಕಾಣಿಸಲಿಲ್ಲ."

ನಿರ್ದೇಶಕ ಹೊಟ್ಟೆ ಹಿಡಿದು ನಕ್ಕ. "ಮುಖ ನೋಡ್ರೋ, ಎಷ್ಟು ಗಂಭೀರ! ಅಣ್ಣಾ, ಈ ಮಾತು ಹಾಗೇ ಸಿನಿಮಾದಲ್ಲಿ ಇಡ್ತೀನಿ!" ಸುತ್ತ ನೆರೆದವರೂ ನಕ್ಕರು. ನಗುತ್ತಲೇ ಅವನು ಎಡಬದಿಗೆ ಬಂದು ಕೈ ಚಾಚಿದ.

ಚಾಚಿದ ಕೈ ಹಾಗೆಯೇ ಉಳಿಯಿತು. ಗಂಡ ನೇರ ಮುಂದೆ ನೋಡುತ್ತ ನಿಂತಿದ್ದರು. ನಿರ್ದೇಶಕನ ನಗು ಸಣ್ಣದಾಯಿತು, ನಿಂತಿತು. ಅವನು ಟೀಚರಮ್ಮನ ಮುಖ ನೋಡಿದ. ಟೀಚರಮ್ಮ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ಏನೇ, ಸದ್ದೇ ಇಲ್ಲ?" ಎಂದರು ಗಂಡ. "ಹೊರಟುಹೋದನಾ?"

'ಹೂಂ' ಎಂಬುದು ಟೀಚರಮ್ಮನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡರು.

"ಇಲ್ಲ ರೀ," ಎಂದರು. "ನಿಮ್ಮ ಎಡಕ್ಕೇ ನಿಂತಿದ್ದಾನೆ."