ಮೂರು ಸಾವಿರದೊಳಗೆ ಒಂದು ಡಜನ್ ಒಂದು ರೂಪಾಯಿ

ಮೂರು ಸಾವಿರ ರೂಪಾಯಿ. ಹಳೇ ನೋಟು ಕೂಡಿಸುವ ನನ್ನ ಹುಚ್ಚಿಗೆ ಹೆಂಡತಿ ಮಂಜೂರು ಮಾಡಿದ ಮೊತ್ತ ಅಷ್ಟೇ. ಒಂದು ರೂಪಾಯಿ ಮೀರಿದರೂ ಆಲ್ಬಂ ವಾಪಸ್. ಅದರೊಳಗೆ ಸೆಟ್ ಪೂರ್ತಿ ಮಾಡಿದರೆ ಶೋಕೇಸಿನಲ್ಲಿ ಅವಳ ಗೊಂಬೆಗಳ ಪಕ್ಕ ಜಾಗ. ಗಾಂಧಿ ಬಜಾರಿನಲ್ಲಿ ನಲವತ್ತು ವರ್ಷ ದಿನಸಿ ತೂಗಿದವನು ನಾನು. ಅಂಗಡಿಯಲ್ಲಿ ಮೋಸ ಹೋಗಿದ್ದು ಕಡಿಮೆ. ಈ ಚಟ ಹತ್ತಿದ ಮೇಲೆ ಮಾತ್ರ ಒಂದಲ್ಲ ಒಂದು ಆಗುತ್ತಲೇ ಇದೆ.

ಚೌಕಾಸಿ

ಭದ್ರಾವತಿಯಲ್ಲಿ ಸೈಕಲ್ ಸಾಮಾನಿನ ಅಂಗಡಿ ಇಟ್ಟಿರುವ ಸಾಹೇಬರೊಬ್ಬರು ಹಳೇ ನೋಟನ್ನೂ ಮಾರುತ್ತಾರೆ. ಬಸ್ ಚಾರ್ಜು ಲೆಕ್ಕಕ್ಕಿಲ್ಲ ಅಂತ ಮನೆಯಲ್ಲಿ ಮೊದಲೇ ಒಪ್ಪಿಸಿಕೊಂಡು ಹೋದೆ.

"ನೂರರ ನೋಟಿನ ಸೆಟ್ ಮಾಡೋಣ ಅಂತಿದೀನಿ ಭಾಯ್."

"ಎಷ್ಟು ಇಟ್ಕೊಂಡಿದೀರಿ?"

"ಎರಡು ಸಾವಿರ," ಅಂದೆ. ಕೈಯಲ್ಲಿದ್ದಷ್ಟನ್ನೂ ಬಾಯಿಬಿಟ್ಟರೆ ಅವನೆಂಥ ವ್ಯಾಪಾರಿ?

"ಅಷ್ಟಕ್ಕೆ ನೂರರದ್ದು ಅರ್ಧ ಸೆಟ್ಟೂ ಆಗಲ್ಲ. ಒಂದೇ ಪೆಡಲ್ ಇರೋ ಸೈಕಲ್ ತಗೊಂಡು ಏನ್ಮಾಡ್ತೀರಿ? ಒಂದು ರೂಪಾಯಿದು ಹಿಡೀರಿ. ನೀವು ಗಲ್ಲಾ ಮೇಲೆ ಕೂತಾಗಿನಿಂದ ಬಂದಿರೋವು, ಮೇಲೆ ಹಣಕಾಸು ಸೆಕ್ರೆಟರಿ ಸಹಿ ಇರುತ್ತಲ್ಲ, ಒಂದೊಂದು ಸಹಿಗೆ ಒಂದೊಂದು ನೋಟು. ಡಜನ್‌ಗೆ ಮುಗಿಯುತ್ತೆ."

ಮಾತು ಸರಿ ಕಂಡಿತು. ಮೊದಲ ನೋಟಿಗೆ ನೂರಿಪ್ಪತ್ತು ಅಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಒಂದು ರೂಪಾಯಿನಾದ್ರೂ ಬಿಡಿ" ಅಂದೆ.

"ಅಷ್ಟು ಬಿಟ್ರೆ ನೋಟೇ ಬಿಟ್ಟಂಗಾಯ್ತಲ್ಲ ಸೌಕಾರ್ರೆ!"

ಪೂಜೆ

ದೀಪಾವಳಿ ಹೊತ್ತಿಗೆ ಆರು ನೋಟು ಆಗಿದ್ದವು. ಅಂಗಡಿ ಪೂಜೆಗೆ ಬಂದವರಿಗೆ ತೋರಿಸೋಣ ಅಂತ ತಟ್ಟೆಯಲ್ಲಿ ಜೋಡಿಸಿ, ತಕ್ಕಡಿ ಪಕ್ಕ ಇಟ್ಟು, ಹೂ ತರಲು ಹೋದೆ. ವಾಪಸ್ ಬರುವಷ್ಟರಲ್ಲಿ ಅಯ್ನೋರು ಪೂಜೆ ಶುರು ಮಾಡಿಬಿಟ್ಟಿದ್ದರು. ತಕ್ಕಡಿಗೆ ಮೂರು ಗೆರೆ ವಿಭೂತಿ, ಗಲ್ಲಾಪೆಟ್ಟಿಗೆಗೆ ಮೂರು ಗೆರೆ, ಆರೂ ನೋಟಿಗೆ ತಲಾ ಮೂರು ಗೆರೆ. ನಡುವೆ ಕುಂಕುಮ.

"ಅಯ್ನೋರೆ, ಏನ್ ಮಾಡಿಬಿಟ್ರಿ!"

"ಲಕ್ಷ್ಮೀನ ಬರೀ ಹಣೇಲಿ ಕೂರಿಸಕ್ಕಾಗುತ್ತೇನಪ್ಪ? ನಿಮ್ಮಪ್ಪನ ಕಾಲದಿಂದ ಹಚ್ಚಿಲ್ವಾ?"

ಕಲೆ ಬಿದ್ದ ನೋಟಿಗೆ ಕೂಡಿಸುವವರಲ್ಲಿ ಬೆಲೆಯಿಲ್ಲ. ಆದರೂ ಆಸೆ ಬಿಡದೆ ಭದ್ರಾವತಿಗೆ ಒಯ್ದೆ. ಸಾಹೇಬರು ಕನ್ನಡಕ ಏರಿಸಿ ಒಂದೊಂದನ್ನೂ ತಿರುಗಿಸಿ ನೋಡಿದರು.

"ಇವಕ್ಕೆ ಬೆಲೆ ಕಟ್ಟಕ್ಕಾಗಲ್ಲ ಸೌಕಾರ್ರೆ. ಕೈ ಮುಗೀಬೇಕು ಅಷ್ಟೆ."

ಮುಯ್ಯಿ

ಆ ಆರನ್ನೂ ಮತ್ತೆ ಕೊಂಡೆ. ಹನ್ನೊಂದಕ್ಕೆ ಬಂದಾಗ ಕೈಯಲ್ಲಿ ಉಳಿದದ್ದು ನಲವತ್ತು ರೂಪಾಯಿ. ಹನ್ನೆರಡನೆಯ ನೋಟಿಗೆ ಆರುನೂರು. "ಇನ್ನು ಆಲ್ಬಂ ಕಟ್ಟಿ ಕಳ್ಸಿ," ಅಂದಳು ಹೆಂಡತಿ. ಶೋಕೇಸಿನ ಜಾಗದಲ್ಲಿ ಆಗಲೇ ಹೊಸದೊಂದು ಆನೆ ನಿಂತಿತ್ತು.

ಅದೇ ವಾರ ಮೊಮ್ಮಗಳ ನಾಮಕರಣ. ಸಾಹೇಬರನ್ನೂ ಕರೆದಿದ್ದೆ. ಊಟ ಮುಗಿಸಿ ನನ್ನ ಕೈಗೆ ಮುಯ್ಯಿ ಕವರ್ ಇಟ್ಟರು. "ನೂರಾ ಒಂದು. ನೂರು ಮಗೂಗೆ, ಒಂದು ಅಜ್ಜನಿಗೆ. ಚೌಕಾಸಿ ಇಲ್ಲ."

ಗಡಿಬಿಡಿಯಲ್ಲಿ ಕವರನ್ನು ಹೆಂಡತಿಗೆ ಕೊಟ್ಟು, ಅವರನ್ನು ಬಸ್ಸಿಗೆ ಬಿಟ್ಟು ಬರುವಾಗ ಹೊಳೆಯಿತು. ಅಜ್ಜನಿಗೆ ಒಂದು! ಓಡಿ ಬಂದು ಕೇಳಿದೆ.

"ಅದಾ? ಸರಿಯಾಗಿ ನೂರಾ ಒಂದಿತ್ತು, ಅಯ್ನೋರಿಗೆ ದಕ್ಷಿಣೆ ಕೊಟ್ಟೆ."

ಅಯ್ನೋರು ಗೇಟಿನಲ್ಲಿ ಆಟೋ ಹತ್ತುತ್ತಿದ್ದರು. "ಅಯ್ನೋರೆ, ಆ ಒಂದು ರೂಪಾಯಿ ನೋಟು ಕೊಡಿ, ನಾಣ್ಯ ಕೊಡ್ತೀನಿ!"

"ಕೊಡು ಮಾರಾಯ, ಇದನ್ನ ಯಾವ ಅಂಗಡಿಯವನೂ ಮುಟ್ಟಲ್ಲ," ಅಂತ ಜೇಬಿನಿಂದ ತೆಗೆದರು. ಗರಿಗರಿ ನೋಟು, ನನಗೆ ಬೇಕಿದ್ದ ಅದೇ ಸಹಿ. ನಾನು ಭದ್ರಾವತಿ ದಿಕ್ಕಿಗೆ ತಿರುಗಿ ಕೈ ಮುಗಿದೆ. ಅಯ್ನೋರು ತಮಗೇ ಮುಗಿದೆ ಅಂದುಕೊಂಡು ಇನ್ನೊಂದು ಕೈಯನ್ನು ಜೋಳಿಗೆಗೆ ಹಾಕಿದರು.

"ತಡಿ, ಒಂಚೂರು ವಿಭೂತಿ ಹಚ್ಚಿ ಕೊಡ್ತೀನಿ."

ಜೀವಮಾನದಲ್ಲಿ ಯಾರ ಕೈಯಿಂದಲೂ ಅಷ್ಟು ಬೇಗ ದುಡ್ಡು ಕಿತ್ತುಕೊಂಡವನಲ್ಲ ನಾನು.

"ಮುಯ್ಯಿ ಖರ್ಚಲ್ಲ, ಅವರ ಮನೆ ಕಾರ್ಯಕ್ಕೆ ನಾವೂ ಹೋಗಿ ಮಾಡ್ಬೇಕು," ಅಂತ ತೀರ್ಪು ಕೊಟ್ಟ ಹೆಂಡತಿ ಶೋಕೇಸಿನಿಂದ ಆನೆಯನ್ನು ಎತ್ತಿದಳು.

ಒಟ್ಟು ಗಳಿಕೆ: ಸೆಟ್ಟಿನ ನೋಟು ಹನ್ನೆರಡು, ಪೂಜೆಯಾದವು ಆರು, ಭದ್ರಾವತಿಯಲ್ಲಿ ಮುಯ್ಯಿ ಕೊಟ್ಟು ತೆಗೆದುಕೊಳ್ಳುವಂಥ ಮನೆ ಒಂದು. ನಗದು ಉಳಿಕೆ ಮೂವತ್ತೊಂಬತ್ತು ರೂಪಾಯಿ. ಅದನ್ನು ಹೆಂಡತಿ ಇಸಿದುಕೊಂಡಳು.