ಐದು ಚಿಕ್ಕಿಯ ಕಳ್ಳ

ಹೋದ ವರ್ಷದ ಮಾತು. ಆಗ ನನಗೆ ಎಪ್ಪತ್ತೊಂದು. ಅಷ್ಟು ವಯಸ್ಸಿನೊಳಗೆ ನಾನು ಕಂಡ ಕಳ್ಳರಲ್ಲಿ ನನ್ನ ಮೈದುನನೇ ದೊಡ್ಡವನು ಎಂದರೆ ಕೋಥರೂಡಿನ ನಮ್ಮ ಸೊಸೈಟಿಯಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ, ನನಗೇನು ನಷ್ಟ!

ನನ್ನ ಯಜಮಾನರ ತಮ್ಮ ಅವನು. ಮದುವೆಯಾಗಲಿಲ್ಲ. ಭೋಸರಿಯ ಕಾರ್ಖಾನೆಯೊಂದರಲ್ಲಿ ದುಡಿದು ಮನೆಗೆ ಬಂದು ಕುಳಿತ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಬೇರೆಯವರಿಗೆ ದೇವರ ಮೇಲೆ ಭಕ್ತಿ. ಇವನಿಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುತ್ತಾರಲ್ಲ, ಆ ಸ್ಟಾರ್ ಚೀಟಿಯ ಚಿಕ್ಕಿಗಳ ಮೇಲೆ! ಚಿಕ್ಕಿ ಹೆಚ್ಚಿದ್ದಷ್ಟೂ ಯಂತ್ರ ಕರೆಂಟು ಕಡಿಮೆ ತಿನ್ನುತ್ತದಂತೆ. ನಾನು ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವವಳು, ಇಂಗ್ಲಿಷ್ ಎಲ್ಲಿ ಬರಬೇಕು? "ವೈನಿ, ಓದೂದು ಬ್ಯಾಡ, ಚಿಕ್ಕಿ ಎಣಸೂದು ಕಲೀರಿ, ಸಾಕು" ಎಂದು ಅದೊಂದನ್ನು ಕಲಿಸಿದ. ನಮ್ಮ ಫ್ರಿಜ್ಜಿಗೆ ಐದು. ಖಂಡೇನವಮಿಯ ದಿನ ಯಂತ್ರಗಳಿಗೆಲ್ಲ ಕುಂಕುಮ ಹಚ್ಚುವಾಗ ನನ್ನ ಒದ್ದೆ ಹೆಬ್ಬೆರಳು ಐದನೆಯ ಚಿಕ್ಕಿಯ ಮೇಲೆ ಬಿತ್ತು. ಕಲೆ ಹೋಗಲೇ ಇಲ್ಲ. ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದ!

ಅಕ್ಕನ ಮಗನಿಗೆ ಹೆಣ್ಣು ನೋಡಲು ಬಿಬವೇವಾಡಿಗೆ ಕರೆದುಕೊಂಡು ಹೋದೆವು. ಹುಡುಗಿಯ ಮುಖ ನೋಡಲಿಲ್ಲ ಇವನು, ಅಡುಗೆಮನೆಗೆ ನುಗ್ಗಿ ಫ್ರಿಜ್ ನೋಡಿದ. ಹೊರಗೆ ಬಂದು ಎಲ್ಲರ ಎದುರಿಗೆ, "ಒಂದ ಚಿಕ್ಕಿ! ಈ ಹುಡುಗಿ ನಮ್ಮ ಮನ್ಯಾಗ ದೀಪ ಆರಸ್ತಾಳೇನು?" ಎಂದ. ಸೊಸೆ ದೀಪ ಹಚ್ಚಲಿ ಎಂದು ಬೇಡುವ ಹೊತ್ತಿನಲ್ಲಿ ಆಡುವ ಮಾತೇ ಅದು? ಹುಡುಗಿಯ ಅಜ್ಜಿ ಉಪ್ಪಿಟ್ಟಿನ ತಟ್ಟೆ ವಾಪಸ್ಸು ಒಯ್ದಳು.

ಅಷ್ಟರಲ್ಲಿ ಟಿ.ವಿ.ಯಲ್ಲಿ ಸುದ್ದಿ ಬಂತು: ಎ.ಸಿ.ಯನ್ನು ಇಷ್ಟಕ್ಕಿಂತ ತಣ್ಣಗೆ ಮಾಡಲಾಗದಂತೆ ಸರಕಾರ ನಿಯಮ ತರುತ್ತದಂತೆ. ಇವನಿಗೆ ಹಬ್ಬ! ಮೇಲಿನ ಮನೆಯಲ್ಲಿ ಬೆಂಗಳೂರಿನ ಕಂಪ್ಯೂಟರ್ ಹುಡುಗನೊಬ್ಬನಿದ್ದಾನೆ. ಮುಂಜಾನೆ ನಮ್ಮ ಫ್ರಿಜ್ಜಿನಿಂದ ತಾನೇ ಮೊಸರು ತೆಗೆದುಕೊಂಡು ಹೋಗುತ್ತಾನೆ, ಸಂಜೆ ಕಟ್ಟೆಯ ಮೇಲೆ ಇವನೊಡನೆ ಜಗಳಾಡುತ್ತಾನೆ.

"ಅಂಕಲ್, ನಮ್ಮನೆ ಎಷ್ಟು ಕೂಲ್ ಇರ್ಬೇಕು ಅಂತ ಗೌರ್ನಮೆಂಟ್ ಯಾಕೆ ಹೇಳ್ಬೇಕು? ಬಿಲ್ ಕಟ್ಟೋನು ನಾನು!"

"ಕರೆಂಟು ನಿಮ್ಮಪ್ಪಂದೇನೋ? ಎ.ಸಿ. ಹಚ್ಚಿ ಕೌದಿ ಹೊತ್ತು ಮಲಗಾಂವ ನೀ!"

"ನಾಳೆ ಬೆಡ್‌ರೂಮಿಗೂ ಬರ್ತಾರೆ, ನೋಡ್ತಿರಿ!"

"ಬರಲಿ! ಬಂದು ಫ್ಯಾನ್ ಬಂದ್ ಮಾಡಿ ಹೋಗಲಿ!"

"ಸರಿ, ಸುಳ್ಳು ಸ್ಟಾರ್ ಅಂಟಿಸಿದ್ರೆ ಏನ್ಮಾಡ್ತೀರಾ?"

"ಜೇಲಿಗೆ ಹಾಕಬೇಕು! ಜಾಮೀನು ಸುದ್ದಾ ಕೊಡಬಾರದು!"

ವಾಚ್‌ಮನ್ ತನ್ನ ಕುರ್ಚಿ ಎತ್ತಿಕೊಂಡು ದೂರ ಹೋದ.

ಆ ಮಳೆಗಾಲದಲ್ಲಿ ನನಗೆ ಎದೆಯಲ್ಲಿ ಕಫ ತುಂಬಿ ಆಸ್ಪತ್ರೆ ಸೇರಿದೆ. ಮನೆಗೆ ಕಳಿಸುವಾಗ ಡಾಕ್ಟರು, ಗಾಳಿಯಿಂದ ಆಕ್ಸಿಜನ್ ಎಳೆದುಕೊಡುವ ಯಂತ್ರವನ್ನು ಕೆಲವು ವಾರ ಹಗಲೂ ರಾತ್ರಿ ಹಚ್ಚಿಡಬೇಕು ಎಂದರು. ಮೈದುನ ಬಾಡಿಗೆಗೆ ತಂದಿಟ್ಟ. ಮೂಗಿಗೆ ನಳಿಗೆ, ಕಿವಿಗೆ ಗುರ್ ಗುರ್. ಯಾವ ಯಂತ್ರ ಸದ್ದು ಮಾಡಿದರೂ ನನ್ನ ಕೈ ಸ್ವಿಚ್ಚಿಗೇ ಹೋಗುತ್ತದೆ. ಅವನೇ ಕೊಟ್ಟ ತಾಲೀಮು! ಅವನು ಕಾಯಿಪಲ್ಲೆ ತರಲು ಹೋದಾಗೆಲ್ಲ ಬಂದ್ ಮಾಡುತ್ತಿದ್ದೆ. ಒಂದು ದಿನ ಬೇಗ ಬಂದ. ನನ್ನ ತುಟಿ ನೀಲಿಯಾಗಿತ್ತಂತೆ. ಚೀಲ ಅಲ್ಲೇ ಬಿಟ್ಟು ಸ್ವಿಚ್ ಒತ್ತಿದ.

"ಯಾಕ್ರಿ ವೈನಿ?"

"ಒಂದ ಚಿಕ್ಕಿ ಸುದ್ದಾ ಇಲ್ಲ ಇದಕ್ಕ. ಎಷ್ಟು ಕರೆಂಟು ತಿಂತದೋ ಏನೋ. ಇಷ್ಟು ಸುಟ್ಟು ಉಳಸಾಕ ನಾ ಏನು ಹರೇದಾಕಿ ಏನು?"

ಸರಕಾರದ ಪರವಾಗಿ ಇಡೀ ಸೊಸೈಟಿಯೊಡನೆ ವಾದಿಸಿದವನು ಬಗ್ಗಿ ಚೀಲದ ಕಾಯಿಪಲ್ಲೆ ಆರಿಸತೊಡಗಿದ.

ಮರುದಿನ ಮಧ್ಯಾಹ್ನ ನಿದ್ದೆಯಿಂದ ಎಬ್ಬಿಸಿದ. "ಮ್ಯಾಲೆ ಧೂಳು ಕೂತಿತ್ತರಿ, ಕಂಡಿರಲಿಲ್ಲ. ಎಣಸ್ರಿ!" ಎಣಿಸಿದೆ. ಕನ್ನಡಕವಿಲ್ಲದ ಕಣ್ಣಿಗೂ ಐದು ಕಂಡವು. ಐದನೆಯದು ತುಸು ಕೆಂಪು. ಐದು ಚಿಕ್ಕಿಯ ಯಂತ್ರ! ಇನ್ನೇನು ಚಿಂತೆ? ಸ್ವಿಚ್ಚಿನ ಕಡೆ ಕೈ ಹಾಕಲಿಲ್ಲ. ಹೊಟ್ಟೆ ತುಂಬ ಉಸಿರಾಡಿದೆ. ಬದುಕಿದೆ.

ಕೆಲವು ದಿನ ಕಳೆದು ಗೋಡೆ ಹಿಡಿದು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಬಾಗಿಲಲ್ಲಿ ಒಂದು ಚೌಕ ಮಾತ್ರ ಹೊಸದರಂತೆ ಬೆಳ್ಳಗಿತ್ತು. ತಿರುಗಿ ಬಂದು ಕನ್ನಡಕ ಹಾಕಿಕೊಂಡು ಯಂತ್ರ ನೋಡಿದೆ. ಐದನೆಯ ಚಿಕ್ಕಿಯ ಮೇಲೆ ಖಂಡೇನವಮಿಯ ಕುಂಕುಮ, ನನ್ನದೇ ಹೆಬ್ಬೆರಳು.

ಬಾಯಿಗೆ ಬಂದದ್ದನ್ನು ಆಡಿಬಿಡುವವಳು ನಾನು. ಅವನು ಬಾಗಿಲಲ್ಲಿ ನಿಂತು, "ಏನ್ ನೋಡ್ಲಿಕ್ಹತ್ತೀರಿ ವೈನಿ?" ಎಂದ. "ಏನಿಲ್ಲೋ, ಚಹಾ ಇಡು" ಎಂದೆ.

ಮರುದಿನ ಮುಂಜಾನೆ, ಊರಿಗೆ ಹೋಗಿದ್ದ ಮೇಲಿನ ಹುಡುಗ ತಿರುಗಿ ಬಂದು ಮೊಸರಿಗೆ ಫ್ರಿಜ್ ತೆಗೆಯುವುದಕ್ಕೆ ಮುಂಚೆ ಎದ್ದು, ಹಳೆಯ ಕ್ಯಾಲೆಂಡರಿನ ಗಣಪತಿಯನ್ನು ಕತ್ತರಿಸಿ, ಅನ್ನದ ಅಗಳು ತಿಕ್ಕಿ, ಆ ಬಿಳಿ ಚೌಕದ ಮೇಲೆ ಅಂಟಿಸಿದೆ.